ಬಾಗಿಲು ತೆರೆಯುವ ಮುಂಚೆ: ಹೊಸ ಹೋಟೆಲ್‌ಗಳ ಬಗ್ಗೆ ನಿಮ್ಮ ಪ್ರಶ್ನೆಗಳು

2026ರಲ್ಲಿ ತೆರೆಯುವ ಹೋಟೆಲ್‌ಗಳ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ತುಂಬಾ ಪತ್ರಗಳು ಬಂದಿವೆ. ಹೊಸ ಓದುಗರಿಗೆ ಒಂದು ಮಾತು: ಈ ಅಂಕಣಕ್ಕೆ ಬರುವ ಮುಂಚೆ ನಾನು ಹೌಸ್‌ಕೀಪಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅದರಲ್ಲೂ ಹೊಸ ಹೋಟೆಲ್ ತೆರೆಯುವ ತಂಡಗಳಲ್ಲೇ ಜಾಸ್ತಿ ಇದ್ದೆ. ಮೊದಲ ಅತಿಥಿ ಬರುವ ಹಿಂದಿನ ರಾತ್ರಿ ಒಂದು ಕಟ್ಟಡದಲ್ಲಿ ಏನೆಲ್ಲ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಅಲ್ಲಿಂದಲೇ ಉತ್ತರಿಸುತ್ತೇನೆ.

ಪ್ರ: 2026ರಲ್ಲಿ ತೆರೆಯಲಿರುವ ಹೋಟೆಲ್‌ಗಳಲ್ಲಿ ನೀವು ನಿಜವಾಗಿ ಎದುರು ನೋಡುತ್ತಿರುವುದು ಯಾವುದನ್ನು? ಉದ್ದದ ಪಟ್ಟಿ ಬೇಡ ಮೇಡಂ. ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ.
— ಆರ್ಕಿಟೆಕ್ಚರ್ ಓದುತ್ತಿರುವ ವಿದ್ಯಾರ್ಥಿನಿ

ಉ: ಒಂದೇ ಹೆಸರು ಹೇಳಬೇಕು ಅಂದರೆ, ಜಪಾನಿನ ನಾರಾದಲ್ಲಿರುವ ಹಳೆಯ ಜೈಲು. 1908ರಲ್ಲಿ ಕೆಂಪು ಇಟ್ಟಿಗೆಯಲ್ಲಿ ಕಟ್ಟಿದ್ದು. ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಕಟ್ಟಿಸಿದ ಐದು ದೊಡ್ಡ ಜೈಲುಗಳಲ್ಲಿ ಅದೂ ಒಂದು. ನಡುವೆ ಕಾವಲಿನ ಜಾಗ. ಅಲ್ಲಿಂದ ಸೆಲ್‌ಗಳ ಸಾಲುಗಳು ಬೆರಳುಗಳ ಹಾಗೆ ಹರಡಿಕೊಂಡಿವೆ. ಕಾವಲುಗಾರ ನಿಂತಲ್ಲೇ ತಿರುಗಿದರೆ ಎಲ್ಲ ಸಾಲುಗಳೂ ಕಾಣುತ್ತವೆ. 2017ರಲ್ಲಿ ಜೈಲು ಮುಚ್ಚಿತು. ಅದೇ ವರ್ಷ ಆ ಕಟ್ಟಡಕ್ಕೆ ಮಹತ್ವದ ಸಾಂಸ್ಕೃತಿಕ ಆಸ್ತಿ ಎಂಬ ಮಾನ್ಯತೆ ಸಿಕ್ಕಿತು. ಈಗ ಹೊಶಿನೊ ರಿಸಾರ್ಟ್ಸ್ ಎಂಬ ಹೋಟೆಲ್ ಸಂಸ್ಥೆ ಅದನ್ನು ಹೋಟೆಲ್ ಮಾಡುತ್ತಿದೆ. 2026ರಲ್ಲಿ ತೆರೆಯುವುದಾಗಿ ಹೇಳಿದ್ದಾರೆ. ಅದೇ ಆವರಣದಲ್ಲಿ ಮ್ಯೂಸಿಯಂ ಕೂಡ ಬರುತ್ತಿದೆ.

ನನಗೆ ಯಾಕೆ ಇಷ್ಟು ಕುತೂಹಲ ಅಂತ ಹೇಳುತ್ತೇನೆ. ಒಬ್ಬ ಕೈದಿಗೆ ಮಾಡಿದ ಸೆಲ್ ತುಂಬಾ ಚಿಕ್ಕದು. ಹಾಗಾಗಿ ಕೆಲವು ಸೆಲ್‌ಗಳನ್ನು ಸೇರಿಸಿ ಒಂದು ರೂಮ್ ಮಾಡುತ್ತಿದ್ದಾರೆ. ಹೇಳುವುದು ಸುಲಭ. ಮನಸ್ಸಿಗೆ ಬಂದ ಹಾಗೆ ಗೋಡೆ ಒಡೆಯುವ ಹಾಗಿಲ್ಲದ ಹಳೆಯ ಕಟ್ಟಡದಲ್ಲಿ ನೀರಿನ ಪೈಪ್ ಎಲ್ಲಿಂದ ತರುತ್ತಾರೆ? ಎಸಿಯ ಗಾಳಿ ಎಲ್ಲಿಂದ ಬರುತ್ತದೆ? ಹೊದಿಕೆ, ಟವೆಲ್ ತುಂಬಿದ ಟ್ರಾಲಿ ಆ ಇಕ್ಕಟ್ಟಿನ ಬಾಗಿಲಲ್ಲಿ ಹೇಗೆ ಹೋಗುತ್ತದೆ? ಎತ್ತರದ ಚಿಕ್ಕ ಕಿಟಕಿಯಿಂದ ಬೆಳಕು ಎಷ್ಟು ಬೀಳುತ್ತದೆ? ನಾನು ಹೋದರೆ ಮೊದಲು ನೋಡುವುದು ಇದನ್ನೇ. ನೀವು ಆರ್ಕಿಟೆಕ್ಚರ್ ಓದುತ್ತಿದ್ದೀರಿ, ನಿಮಗೂ ಇದೇ ಪ್ರಶ್ನೆಗಳು ಬರುತ್ತವೆ ಅಲ್ವಾ?

ಎರಡನೆಯದು ಕ್ಯೋಟೊದ ಇಂಪೀರಿಯಲ್ ಹೋಟೆಲ್. ಗಿಯೋನ್ ಪ್ರದೇಶದಲ್ಲಿ ಯಸಾಕಾ ಕೈಕಾನ್ ಎಂಬ ರಂಗಮಂದಿರವಿದೆ, 1936ರದ್ದು. ಅದರ ಕೆಲವು ಭಾಗ ಉಳಿಸಿಕೊಂಡು ಹೋಟೆಲ್ ಮಾಡಿದ್ದಾರೆ. 2026ರ ವಸಂತದಲ್ಲಿ ತೆರೆಯುತ್ತದೆ ಎಂದು ಪ್ರಕಟಿಸಿದ್ದಾರೆ. ಈ ಸಂಸ್ಥೆಯ ಕಥೆ ನನಗೆ ಬಹಳ ಇಷ್ಟ. ಟೋಕಿಯೊದಲ್ಲಿ ಅವರ ಮೊದಲ ಹೋಟೆಲ್ ತೆರೆದದ್ದು 1890ರಲ್ಲಿ. ಆಮೇಲೆ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹೊಸ ಕಟ್ಟಡ ರೂಪಿಸಿದರು. ಅದರ ಉದ್ಘಾಟನೆಗೆ ಗೊತ್ತುಮಾಡಿದ ದಿನ 1923ರ ಸೆಪ್ಟೆಂಬರ್ 1. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಕಾಂಟೊ ಮಹಾ ಭೂಕಂಪ ಆಯಿತು. ಕಟ್ಟಡಕ್ಕೆ ಏಟು ಬಿತ್ತು, ಆದರೆ ಬೀಳಲಿಲ್ಲ. ಹೋಟೆಲ್ ತೆರೆಯುವ ದಿನದ ಒತ್ತಡ ಎಂಥದ್ದು ಅಂತ ಬಲ್ಲ ನನಗೆ, ಆ ದಿನ ಅಲ್ಲಿ ಕೆಲಸಕ್ಕಿದ್ದವರ ನೆನಪು ಆಗಾಗ ಬರುತ್ತದೆ.

ಮೂರನೆಯದು ಲಂಡನ್. ಟ್ರಫಾಲ್ಗರ್ ಚೌಕದ ಪಕ್ಕದ ಅಡ್ಮಿರಾಲ್ಟಿ ಆರ್ಚ್ 1912ರ ಕಟ್ಟಡ. ಅದರ ಕಮಾನಿನ ಕೆಳಗೇ ರಸ್ತೆ ಹೋಗುತ್ತದೆ. ವಾಲ್ಡಾರ್ಫ್ ಅಸ್ಟೋರಿಯಾ ಹೆಸರಿನಲ್ಲಿ ಅದು ಹೋಟೆಲ್ ಆಗಲಿದೆ. 2012ರಲ್ಲೇ ಗುತ್ತಿಗೆಗೆ ಕೊಟ್ಟ ಕಟ್ಟಡ ಅದು. ಎಷ್ಟು ಕಾಯಿಸಿದೆ ನೋಡಿ.

ಈಗಾಗಲೇ ತೆರೆದಿರುವ ಒಂದನ್ನೂ ಸೇರಿಸುತ್ತೇನೆ. ಅದಕ್ಕೆ ಹೋಗುವ ಆಸೆ ಇನ್ನೂ ಹಾಗೇ ಇದೆ. ಲಂಡನ್‌ನ ಗ್ರಾವ್ನರ್ ಚೌಕದಲ್ಲಿ ಅಮೆರಿಕದ ರಾಯಭಾರ ಕಚೇರಿ ಇತ್ತು. ವಾಸ್ತುಶಿಲ್ಪಿ ಈರೋ ಸಾರಿನೆನ್ ರೂಪಿಸಿದ್ದು, ಮುಗಿದದ್ದು 1960ರಲ್ಲಿ. 2018ರಲ್ಲಿ ಕಚೇರಿ ಬೇರೆ ಕಡೆಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕಟ್ಟಡ ಚಾನ್ಸರಿ ರೋಸ್‌ವುಡ್ ಹೋಟೆಲ್ ಆಗಿ ತೆರೆಯಿತು. ಒಟ್ಟು 144 ಸೂಟ್. ಮಾಡಿನ ಮೇಲಿದ್ದ ದೊಡ್ಡ ಬಂಗಾರ ಬಣ್ಣದ ಹದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಇದೇ ಸಾರಿನೆನ್ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಟಿಡಬ್ಲ್ಯುಎ ಎಂಬ ವಿಮಾನ ಸಂಸ್ಥೆಯ ಟರ್ಮಿನಲ್ ಕೂಡ ರೂಪಿಸಿದ್ದರು. ಅದು 1962ರಲ್ಲಿ ತೆರೆದು 2001ರಲ್ಲಿ ಮುಚ್ಚಿತು. 2019ರಲ್ಲಿ 512 ರೂಮ್‌ಗಳ ಹೋಟೆಲ್ ಆಯಿತು. ಅಲ್ಲಿ ಹಳೆಯ ಟರ್ಮಿನಲ್ ಲಾಬಿಯಾಗಿದೆ, ರೂಮ್‌ಗಳು ಅದರ ಹಿಂದೆ ಕಟ್ಟಿದ ಹೊಸ ಕಟ್ಟಡಗಳಲ್ಲಿವೆ. ಒಬ್ಬರೇ ರೂಪಿಸಿದ, ಜನ ಮಲಗುವುದಕ್ಕೆ ಅಂತ ಮಾಡಿರದ ಎರಡು ಕಟ್ಟಡಗಳು. ಎರಡೂ ಈಗ ಹೋಟೆಲ್ ಆಗಿವೆ. ಸಾಧ್ಯವಾದರೆ ಎರಡನ್ನೂ ನೋಡಿ ಹೋಲಿಸಿ, ನಿಮ್ಮ ಓದಿಗೆ ನಿಜವಾಗಿ ಉಪಯೋಗ.

ಪ್ರ: ಜೈಲುಗಳನ್ನು ಹೋಟೆಲ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಜನ ನೋವು ತಿಂದ ಜಾಗದಲ್ಲಿ ರಜೆ ಕಳೆಯುವುದೇ?
— ನಿವೃತ್ತ ಶಿಕ್ಷಕರು

ಉ: ನಿಮ್ಮ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ ಸರ್. ಇದು ಒಂದೇ ಊರಿನ ವಿಷಯವೂ ಅಲ್ಲ. ಇಸ್ತಾಂಬುಲ್‌ನ ಸುಲ್ತಾನಹ್ಮೆತ್‌ನಲ್ಲಿ ಹಳೆಯ ಜೈಲೊಂದು 1996ರಲ್ಲಿ ಹೋಟೆಲ್ ಆಯಿತು. ಬಾಸ್ಟನ್‌ನಲ್ಲಿ 1851ರ ಚಾರ್ಲ್ಸ್ ಸ್ಟ್ರೀಟ್ ಜೈಲು 2007ರಲ್ಲಿ ಲಿಬರ್ಟಿ ಹೋಟೆಲ್ ಆಯಿತು. ಆಕ್ಸ್‌ಫರ್ಡ್‌ನ ಜೈಲಿನ ಸೆಲ್‌ಗಳಲ್ಲೂ ಈಗ ಅತಿಥಿಗಳು ಉಳಿಯುತ್ತಾರೆ.

ನಾನು ಇದನ್ನು ಅಳೆಯುವುದು ಒಂದೇ ರೀತಿಯಲ್ಲಿ. ಅಲ್ಲಿದ್ದವರ ಬದುಕನ್ನು ಆ ಹೋಟೆಲ್ ಹೇಳುತ್ತದೆಯೇ, ಮುಚ್ಚಿಡುತ್ತದೆಯೇ, ಇಲ್ಲಾ ತಮಾಷೆ ಮಾಡುತ್ತದೆಯೇ? ಕೈಕೋಳದ ಚಿತ್ರ ಬರೆದ ಕೀ, ಕೈದಿಯ ಬಟ್ಟೆ ಹಾಕಿ ಫೋಟೊ ತೆಗೆಸುವ ಮೂಲೆ, ಇಂಥವು ನನಗೆ ಹಿಡಿಸುವುದಿಲ್ಲ. ಅಂಥ ಕಡೆ ನಾನು ಉಳಿಯುವುದಿಲ್ಲ. ನಾರಾದಲ್ಲಿ ಮ್ಯೂಸಿಯಂ ಜೊತೆಗೇ ಬರುತ್ತಿದೆ, ಹೋಟೆಲ್‌ನಲ್ಲಿ ಉಳಿಯದವರೂ ಬಂದು ನೋಡಬಹುದು. ಅದು ನನಗೆ ಸಮಾಧಾನ ಕೊಟ್ಟಿದೆ. ಇನ್ನೊಂದು ಮಾತೂ ಇದೆ. ಯಾರೂ ಬಳಸದ ಇಟ್ಟಿಗೆ ಕಟ್ಟಡ ತಾನಾಗಿ ಉಳಿಯುವುದಿಲ್ಲ. ಮಾಡು ಸೋರುತ್ತದೆ, ಗೋಡೆ ಬಿರುಕು ಬಿಡುತ್ತದೆ, ಕೊನೆಗೆ ಕೆಡವುತ್ತಾರೆ. ಕೆಡವಿದ ಮೇಲೆ ಅಲ್ಲಿ ನೋವು ತಿಂದವರ ಗುರುತೂ ಇರುವುದಿಲ್ಲ. ಇಷ್ಟು ಹೇಳಿದ ಮೇಲೂ ನಿಮಗೆ ಮನಸ್ಸು ಒಪ್ಪದಿದ್ದರೆ ಹೋಗಬೇಡಿ ಸರ್. ಮನಸ್ಸು ಒಪ್ಪದ ಜಾಗದಲ್ಲಿ ನಿದ್ದೆ ಬರುವುದಿಲ್ಲ.

ಪ್ರ: ನಮ್ಮ ಮದುವೆಯ ಇಪ್ಪತ್ತೈದನೇ ವರ್ಷ. ಸಮುದ್ರದ ದಂಡೆಯ ಒಂದು ಹೊಸ ಹೋಟೆಲ್ ಏಪ್ರಿಲ್‌ನಲ್ಲಿ ತೆರೆಯುತ್ತದಂತೆ. ತೆರೆದ ಮೊದಲ ವಾರವೇ ಹೋಗಬೇಕು ಅಂತ ನನ್ನವರ ಆಸೆ. ಎಲ್ಲವೂ ಹೊಚ್ಚ ಹೊಸದಾಗಿರುತ್ತದೆ ಅಲ್ವಾ ಅಕ್ಕಾ?
— ಗೃಹಿಣಿಯೊಬ್ಬರು

ಉ: ಮೊದಲು ನಿಮ್ಮಿಬ್ಬರಿಗೂ ಶುಭಾಶಯ. ಆದರೆ ಆ ದಿನಕ್ಕೆ ಮೊದಲ ವಾರ ಬೇಡ ತಂಗಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೋಟೆಲ್ ಕಟ್ಟುವಾಗ ಎಲ್ಲಕ್ಕಿಂತ ಮುಂಚೆ ಒಂದು ಮಾದರಿ ರೂಮ್ ಮಾಡುತ್ತಾರೆ. ಮಂಚ, ಪರದೆ, ಸ್ವಿಚ್, ನಲ್ಲಿ, ಎಲ್ಲವನ್ನೂ ಅಲ್ಲಿ ಹಾಕಿ ನೋಡುತ್ತಾರೆ. ಮಂಚದಲ್ಲಿ ಮಲಗಿ ಕೈ ಚಾಚಿದರೆ ದೀಪದ ಸ್ವಿಚ್ ಸಿಗುತ್ತದೆಯೇ ಅಂತ ನೋಡುವುದೂ ಆ ರೂಮಿನಲ್ಲೇ. ಅದು ಒಪ್ಪಿಗೆಯಾದ ಮೇಲೆ ಉಳಿದ ರೂಮ್‌ಗಳು. ಕಟ್ಟಿದವರು ಒಂದೊಂದೇ ಮಹಡಿಯನ್ನು ನಮಗೆ ಒಪ್ಪಿಸುತ್ತಾರೆ. ಆಗ ನಾವು ಪಟ್ಟಿ ಹಿಡಿದು ರೂಮ್ ರೂಮಿಗೂ ಹೋಗುತ್ತೇವೆ. ಈ ಬಾಗಿಲು ಉಜ್ಜುತ್ತದೆ. ಈ ಟೈಲ್ ಟೊಳ್ಳು. ಇಲ್ಲಿ ಬಿಸಿನೀರು ಬರುತ್ತಿಲ್ಲ. ಅದನ್ನು ಸ್ನ್ಯಾಗ್ ಲಿಸ್ಟ್ ಅನ್ನುತ್ತೇವೆ. ಆ ಪಟ್ಟಿ ಪೂರ್ತಿ ಖಾಲಿಯಾದ ಮೇಲೆ ತೆರೆದ ಹೋಟೆಲ್ ನಾನು ನೋಡಿಲ್ಲ.

ತೆರೆಯುವ ಮುಂಚೆ ಕೆಲಸಗಾರರೇ ಅತಿಥಿಗಳ ಹಾಗೆ ಒಂದೆರಡು ರಾತ್ರಿ ಉಳಿಯುತ್ತಾರೆ. ಎಲ್ಲರೂ ಒಟ್ಟಿಗೆ ಬೆಳಿಗ್ಗೆ ಸ್ನಾನ ಮಾಡಿದರೆ ನೀರಿನ ಒತ್ತಡ ಸಾಕಾಗುತ್ತದೆಯೇ ಅಂತ ಗೊತ್ತಾಗುವುದು ಆಗಲೇ. ಆದರೂ ಹೋಟೆಲ್ ನಿಜವಾಗಿ ತುಂಬಿದಾಗ ಬರುವ ಒತ್ತಡವೇ ಬೇರೆ. ಎಲ್ಲರೂ ಒಂದೇ ಹೊತ್ತಿಗೆ ಲಿಫ್ಟ್ ಕರೆಯುತ್ತಾರೆ. ಕೀ ಕಾರ್ಡ್ ಕೈಕೊಡುತ್ತದೆ. ಎಸಿಯ ತಂಪನ್ನು ಮತ್ತೆ ಸರಿಹೊಂದಿಸಬೇಕಾಗುತ್ತದೆ.

ಇನ್ನು ಜನ. ಇದೇ ಮುಖ್ಯವಾದದ್ದು. ಮೊದಲ ವಾರ ಅಲ್ಲಿರುವ ಬಹಳಷ್ಟು ಜನರಿಗೆ ಒಬ್ಬರಿಗೊಬ್ಬರ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ. ಎಷ್ಟೋ ಮಂದಿಗೆ ಅದು ಬದುಕಿನ ಮೊದಲ ಕೆಲಸ. ಅವರು ತುಂಬಾ ಪ್ರೀತಿಯಿಂದ ಮಾಡುತ್ತಾರೆ, ಆದರೆ ಒಂದು ತಲೆದಿಂಬು ಕೇಳಿದರೆ ಅದು ಯಾವ ಮಹಡಿಯ ಸ್ಟೋರ್‌ನಲ್ಲಿದೆ ಅಂತ ಹುಡುಕಬೇಕು. ಮೂರ್ನಾಲ್ಕು ತಿಂಗಳು ಕಳೆದರೆ ಅದೇ ಹುಡುಗಿ ನೀವು ಕೇಳುವ ಮುಂಚೆಯೇ ತಂದಿಡುತ್ತಾಳೆ. ನಾನು ಇದನ್ನು ಪ್ರತಿ ಹೋಟೆಲ್‌ನಲ್ಲೂ ನೋಡಿದ್ದೇನೆ.

ದೊಡ್ಡ ಹೋಟೆಲ್‌ಗಳು ಒಮ್ಮೆಲೇ ತೆರೆಯುವುದೂ ಇಲ್ಲ. ಸಿಂಗಾಪುರದ ಮರೀನಾ ಬೇ ಸ್ಯಾಂಡ್ಸ್ 2010ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ ಸಿದ್ಧವಾಗಿದ್ದದ್ದು 963 ರೂಮ್‌ಗಳು. ಒಟ್ಟು ಇದ್ದದ್ದು ಎರಡೂವರೆ ಸಾವಿರಕ್ಕೂ ಹೆಚ್ಚು. ಇದನ್ನು ಸಾಫ್ಟ್ ಓಪನಿಂಗ್ ಅನ್ನುತ್ತಾರೆ. ಕೆಲವು ರೂಮ್ ತೆರೆದಿರುತ್ತವೆ, ಈಜುಕೊಳ ಮುಚ್ಚಿರಬಹುದು, ಪಕ್ಕದ ಮಹಡಿಯಲ್ಲಿ ಡ್ರಿಲ್ ಸದ್ದು ಇರಬಹುದು. ಬಾಡಿಗೆ ಕಡಿಮೆ ಇರುತ್ತದೆ, ನಿಜ. ಸುಮ್ನೆ ನೋಡಿಕೊಂಡು ಬರಲು ಹೋಗುವವರಿಗೆ ಅದು ಒಳ್ಳೆಯ ಅವಕಾಶ. ಇಪ್ಪತ್ತೈದನೇ ವರ್ಷದ ದಿನಕ್ಕೆ ಅಲ್ಲ.

ನಿಮ್ಮವರಿಗೆ ಅದೇ ಹೋಟೆಲ್ ಬೇಕು ಅಂತಿದ್ದರೆ ಪ್ರವಾಸವನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ದಿನ ಬದಲಿಸಲು ಆಗುವುದೇ ಇಲ್ಲ ಅಂದರೆ, ಹೋಟೆಲ್‌ಗೆ ಬರೆದು ಮೂರು ವಿಷಯ ಕೇಳಿ: ಆ ದಿನಕ್ಕೆ ಏನೇನು ತೆರೆದಿರುತ್ತದೆ, ಕಟ್ಟಡದ ಯಾವ ಭಾಗದಲ್ಲಿ ಕೆಲಸ ನಡೆಯುತ್ತಿರುತ್ತದೆ, ಅದರಿಂದ ದೂರದ ರೂಮ್ ಕೊಡುತ್ತಾರೆಯೇ. ಉತ್ತರ ಲಿಖಿತವಾಗಿ ಇರಲಿ.

ಪ್ರ: ಹೋಟೆಲ್‌ನವರು ಹೇಳುವ ತೆರೆಯುವ ದಿನಾಂಕವನ್ನು ಎಷ್ಟು ನಂಬಬಹುದು? ನಾನು ಕಾಯುತ್ತಿದ್ದ ಒಂದು ಹೋಟೆಲ್ ಎರಡು ವರ್ಷದಿಂದ "ಶೀಘ್ರದಲ್ಲೇ" ಅನ್ನುತ್ತಲೇ ಇದೆ.
— ಬ್ಯಾಂಕ್ ಉದ್ಯೋಗಿ

ಉ: ತಿಂಗಳು ಹೇಳಿದರೆ ಅರ್ಧ ನಂಬಿ. "ವರ್ಷದ ಕೊನೆಯಲ್ಲಿ" ಅಂದರೆ ಮುಂದಿನ ವರ್ಷ ಅಂದುಕೊಳ್ಳಿ. ನಾನು ಹೀಗೇ ಲೆಕ್ಕ ಹಾಕುವುದು.

ಹಳೆಯ ಕಟ್ಟಡವಾದರೆ ಇನ್ನೂ ಕಷ್ಟ. ಗೋಡೆ ಒಡೆದಾಗ ಒಳಗೆ ಏನಿದೆ ಅಂತ ಯಾರಿಗೂ ಮುಂಚೆ ಗೊತ್ತಿರುವುದಿಲ್ಲ. ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ನೋಡಿ. 1931ರ ಕಟ್ಟಡ. ರಿಪೇರಿಗೆ ಅಂತ 2017ರ ಮಾರ್ಚ್‌ನಲ್ಲಿ ಮುಚ್ಚಿತು. ಎರಡು ಮೂರು ವರ್ಷದಲ್ಲಿ ಮುಗಿಯಬೇಕಿತ್ತು. ಮತ್ತೆ ಅತಿಥಿಗಳನ್ನು ಸೇರಿಸಿಕೊಂಡದ್ದು 2025ರಲ್ಲಿ. ಮುಂಚೆ ಸುಮಾರು 1,400 ರೂಮ್ ಇದ್ದವು, ಈಗ 375. ಉಳಿದ ಜಾಗ ಮನೆಗಳಾಗಿವೆ. ಆದರೆ 1893ರ ಷಿಕಾಗೊ ವಿಶ್ವಮೇಳದ ಗಡಿಯಾರ ಲಾಬಿಗೆ ವಾಪಸ್ ಬಂದಿದೆ ಅಂತ ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಷ್ಟು ವರ್ಷ ಕಾಯಿಸಿದ್ದಕ್ಕೆ ಒಂದು ಅರ್ಥ ಬಂತು.

ಪ್ಯಾರಿಸ್‌ನ ರಿಟ್ಜ್ 2012ರಲ್ಲಿ ಮುಚ್ಚಿತ್ತು. ಇನ್ನೇನು ತೆರೆಯಬೇಕು ಅನ್ನುವಾಗ, 2016ರ ಜನವರಿಯಲ್ಲಿ, ಮೇಲಿನ ಮಹಡಿಗೆ ಬೆಂಕಿ ಬಿತ್ತು. ಜೂನ್‌ನಲ್ಲಿ ತೆರೆದರು. ಉತ್ತರ ಕೊರಿಯಾದ ರ್‍ಯುಗ್ಯೊಂಗ್ ಹೋಟೆಲ್ ಕಟ್ಟಲು ಶುರುಮಾಡಿದ್ದು 1987ರಲ್ಲಿ. 105 ಮಹಡಿ, 330 ಮೀಟರ್ ಎತ್ತರ. ಇವತ್ತಿನವರೆಗೂ ಒಬ್ಬ ಅತಿಥಿಯೂ ಅಲ್ಲಿ ಮಲಗಿಲ್ಲ. ನಾರ್ವೆಯಲ್ಲಿ ಹಿಮನದಿಯ ಬುಡದಲ್ಲಿ ಉಂಗುರದ ಆಕಾರದ ಸ್ವಾರ್ಟ್ ಎಂಬ ಹೋಟೆಲ್ ಬರುತ್ತದೆ, ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ತಾನೇ ಮಾಡುತ್ತದೆ ಅಂತ 2018ರಲ್ಲಿ ಸುದ್ದಿಯಾಗಿತ್ತು. 2021ಕ್ಕೆ ತೆರೆಯಬೇಕಿತ್ತು. ಅದರ ಚಿತ್ರ ನೀವೂ ಎಲ್ಲೋ ನೋಡಿರುತ್ತೀರಿ, ಅಷ್ಟು ಚೆನ್ನಾಗಿತ್ತು. ಹೋಟೆಲ್ ಇನ್ನೂ ಬಂದಿಲ್ಲ.

ನಿಜವಾಗಿ ತೆರೆಯುತ್ತದೆಯೇ ಅಂತ ತಿಳಿಯಲು ನಾನು ನೋಡುವುದು ಕೆಲಸದ ಜಾಹೀರಾತುಗಳನ್ನು. ಜನರಲ್ ಮ್ಯಾನೇಜರ್ ತುಂಬಾ ಮುಂಚೆಯೇ ಬರುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ರೂಮ್ ಅಟೆಂಡೆಂಟ್, ರಿಸೆಪ್ಷನ್, ಅಡುಗೆಮನೆ ಸಹಾಯಕರು, ಇವರನ್ನು ಒಟ್ಟಿಗೆ ಕರೆಯುತ್ತಿದ್ದಾರೆ ಅಂದರೆ ಬಾಗಿಲು ತೆರೆಯುವ ದಿನ ಹತ್ತಿರ ಬಂದಿದೆ. ಸಂಬಳ ಕೊಟ್ಟು ಅಷ್ಟು ಜನರನ್ನು ಯಾರೂ ಸುಮ್ನೆ ಕೂರಿಸುವುದಿಲ್ಲ.

ಬುಕಿಂಗ್ ಮಾಡುವಾಗ, ಹೋಟೆಲ್‌ಗೆ ಹೋದ ಮೇಲೆ ಹಣ ಕೊಡುವ ಅಥವಾ ಕ್ಯಾನ್ಸಲ್ ಮಾಡಿದರೆ ಪೂರ್ತಿ ರಿಫಂಡ್ ಆಗುವ ರೂಮನ್ನೇ ತೆಗೆದುಕೊಳ್ಳಿ. ದಿನ ಮುಂದಕ್ಕೆ ಹೋದರೆ ಹೋಟೆಲ್‌ನವರು ರೂಮಿನ ಹಣ ವಾಪಸ್ ಕೊಟ್ಟಾರು, ಇಲ್ಲವೇ ಬೇರೆ ಹೋಟೆಲ್‌ನಲ್ಲಿ ಜಾಗ ಕೊಡಿಸಿಯಾರು. ನಿಮ್ಮ ವಿಮಾನದ ಟಿಕೆಟ್ ಹಣ ಕೊಡುವುದಿಲ್ಲ. ಆದ್ದರಿಂದ ಹೊಸ ಹೋಟೆಲ್ ಒಂದನ್ನೇ ನಂಬಿ ಟಿಕೆಟ್ ತೆಗೆಯಬೇಡಿ. ಆ ಊರಿಗೆ ಹೇಗಿದ್ದರೂ ಹೋಗುತ್ತೇನೆ ಅನ್ನುವಂತಿದ್ದರೆ ಮಾತ್ರ ತೆಗೆಯಿರಿ. ಅದೇ ದಿನಗಳಿಗೆ ಕ್ಯಾನ್ಸಲ್ ಮಾಡಬಹುದಾದ ಇನ್ನೊಂದು ರೂಮ್ ಹಿಡಿದಿಡಿ. ಹೊಸ ಹೋಟೆಲ್ ತೆರೆದದ್ದು ಖಚಿತವಾದ ಕೂಡಲೇ ಅದನ್ನು ಬಿಟ್ಟುಬಿಡಿ, ಬೇರೆ ಯಾರಿಗಾದರೂ ಸಿಗಲಿ.

ಪ್ರ: ತೆರೆಯದ ಹೋಟೆಲ್‌ನ ಫೋಟೊಗಳು ಹೇಗೆ ಬರುತ್ತವೆ? ಅವು ನಿಜವೇ?
— ಹೈಸ್ಕೂಲ್ ವಿದ್ಯಾರ್ಥಿ

ಉ: ಜಾಸ್ತಿ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳು ಅವು ಪುಟ್ಟಾ. ಕೆಲವು ಆ ಮಾದರಿ ರೂಮಿನಲ್ಲಿ ತೆಗೆದ ನಿಜವಾದ ಫೋಟೊಗಳು. ಚಿತ್ರದಲ್ಲಿ ಪ್ಲಗ್, ಸ್ವಿಚ್, ಹೊಗೆ ಪತ್ತೆ ಮಾಡುವ ಸಾಧನ, ಎಸಿ ಗಾಳಿಯ ಕಿಂಡಿ ಇವೆಯೇ ನೋಡು. ನಿಜವಾದ ರೂಮಿನ ಫೋಟೊದಲ್ಲಿ ಇವುಗಳಲ್ಲಿ ಯಾವುದಾದರೂ ಒಂದು ಹೆಚ್ಚಾಗಿ ಕಾಣುತ್ತದೆ. ಕಿಟಕಿಯ ಹೊರಗಿನ ನೋಟದ ಬಗ್ಗೆ ಅನುಮಾನ ಬಂದರೆ ಉಪಗ್ರಹ ನಕ್ಷೆಯಲ್ಲಿ ಆ ಜಾಗ ತೆರೆದು ನೋಡು. ಕಿಟಕಿಗೂ ಸಮುದ್ರಕ್ಕೂ ನಡುವೆ ರಸ್ತೆ ಇದ್ದರೆ ಅಲ್ಲಿ ಕಾಣುತ್ತದೆ.

ಪ್ರ: ಹೊಸ ಹೋಟೆಲ್ ರೂಮಿಗೆ ಹೋದರೆ ನನ್ನ ಮಗಳಿಗೆ ತಲೆನೋವು, ಕಣ್ಣುರಿ ಬರುತ್ತದೆ. ಬಣ್ಣದ ವಾಸನೆಯಿಂದಲೇ? ಏನು ಮಾಡಬಹುದು?
— ಆತಂಕದಲ್ಲಿರುವ ತಾಯಿ

ಉ: ಅದು ಕಾರಣ ಇರಬಹುದು. ಹೊಸ ಬಣ್ಣ, ಅಂಟು, ಕಾರ್ಪೆಟ್, ಒತ್ತಿ ಮಾಡಿದ ಮರದ ಹಲಗೆಗಳಿಂದ ಕೆಲವು ಅನಿಲಗಳು ಗಾಳಿಗೆ ಸೇರುತ್ತಿರುತ್ತವೆ. ಹಲಗೆಗಳಿಂದ ಮುಖ್ಯವಾಗಿ ಫಾರ್ಮಾಲ್ಡಿಹೈಡ್ ಬರುತ್ತದೆ. ಅದು ಕಣ್ಣು, ಮೂಗು, ಗಂಟಲು ಉರಿಸುತ್ತದೆ. ಮನೆಯೊಳಗಿನ ಗಾಳಿಯಲ್ಲಿ ಅದು ಘನ ಮೀಟರ್‌ಗೆ 0.1 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಿತಿ ಹೇಳಿದೆ. ಹೊಸದರಲ್ಲಿ ಇವು ಜಾಸ್ತಿ, ವಾರಗಳು ತಿಂಗಳುಗಳು ಕಳೆದ ಹಾಗೆ ಕಡಿಮೆಯಾಗುತ್ತವೆ. ಸೆಖೆ ಮತ್ತು ತೇವ ಇದ್ದರೆ ಹೆಚ್ಚು ಹೊರಬರುತ್ತವೆ.

ಆದ್ದರಿಂದ ನಿಮ್ಮ ಮಗಳಿಗೆ ತೆರೆದು ಒಂದು ವರ್ಷವಾದರೂ ಆದ ಹೋಟೆಲ್ ಒಳ್ಳೆಯದು. ಹೊಸದಕ್ಕೇ ಹೋಗಬೇಕಾದರೆ ತೆರೆಯಲು ಬರುವ ಕಿಟಕಿ ಇರುವ, ಕಾರ್ಪೆಟ್ ಇಲ್ಲದ ರೂಮ್ ಕೇಳಿ. ಹೋದ ಕೂಡಲೇ ಕಿಟಕಿ, ಕಪಾಟಿನ ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು ಒಂದೆರಡು ಗಂಟೆ ಹೊರಗೆ ಸುತ್ತಿ ಬನ್ನಿ. ಜಾಸ್ತಿ ವಾಸನೆ ಇರುವುದು ಕಪಾಟಿನೊಳಗೆ. ವಾಸನೆ ಮುಚ್ಚಲು ರೂಮಿಗೆ ಸುಗಂಧ ಹೊಡೆಯಬೇಡಿ ಅಂತ ಮೊದಲೇ ಹೇಳಿಬಿಡಿ, ಅದರಿಂದ ತೊಂದರೆ ಹೆಚ್ಚುತ್ತದೆ. ಉಸಿರಾಟಕ್ಕೆ ಕಷ್ಟ ಆದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಇದರ ಜೊತೆ ನೀರಿನದ್ದೂ ಹೇಳಿಬಿಡುತ್ತೇನೆ. ಪೈಪಿನಲ್ಲಿ ಬಹಳ ದಿನ ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಸಮಾವೇಶಕ್ಕೆ ಬಂದವರು ಒಬ್ಬೊಬ್ಬರಾಗಿ ನ್ಯುಮೋನಿಯಾಕ್ಕೆ ಬಿದ್ದಾಗಲೇ ಈ ರೋಗ ಬೆಳಕಿಗೆ ಬಂದದ್ದು. ಹೊಸ ಹೋಟೆಲ್‌ನಲ್ಲಿ ಖಾಲಿ ಬಿದ್ದ ರೂಮ್‌ಗಳು ಹೆಚ್ಚು. ತೆರೆಯುವ ಮುಂಚೆ ನಾವು ಮಹಡಿ ಮಹಡಿಗೂ ಹೋಗಿ ಎಲ್ಲ ನಲ್ಲಿ ಬಿಟ್ಟು ನೀರು ಹರಿಸುತ್ತಿದ್ದದ್ದು ಇದಕ್ಕೇ. ನೀವೂ ರೂಮಿಗೆ ಹೋದಾಗ ಶವರ್ ಬಿಟ್ಟು, ಬಾತ್‌ರೂಮ್ ಬಾಗಿಲು ಹಾಕಿ, ಕೆಲವು ನಿಮಿಷ ಹೊರಗಿರಿ. ಆಮೇಲೆ ಸ್ನಾನ ಮಾಡಿ.

ಪ್ರ: ಏಳು ಸ್ಟಾರ್ ಹೋಟೆಲ್ ಅಂತ ಒಂದು ಜಾಹೀರಾತು ನೋಡಿದೆ. ಹಾಗೊಂದು ದರ್ಜೆ ಇದೆಯೇ?
— ಸಣ್ಣ ವ್ಯಾಪಾರಿ

ಉ: ಇಲ್ಲ. ದುಬೈನ ಬುರ್ಜ್ ಅಲ್ ಅರಬ್ 1999ರಲ್ಲಿ ತೆರೆದಾಗ ಪತ್ರಿಕೆಯವರ ಬಾಯಲ್ಲಿ ಈ ಮಾತು ಹುಟ್ಟಿ ಹರಡಿತು. ಆ ಹೋಟೆಲ್‌ನ ಅಧಿಕೃತ ದರ್ಜೆ ಐದು ಸ್ಟಾರೇ. ಇಡೀ ಜಗತ್ತಿಗೆ ಒಂದೇ ಸ್ಟಾರ್ ಪದ್ಧತಿಯೂ ಇಲ್ಲ. ಯುರೋಪಿನ ಹಲವು ದೇಶಗಳು ಸೇರಿ 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂಬ ಕೂಟ ಮಾಡಿಕೊಂಡು ಸಾಮಾನ್ಯ ನಿಯಮ ತಂದವು. ಫ್ರಾನ್ಸ್ 2010ರಲ್ಲಿ ಐದು ಸ್ಟಾರಿನ ಮೇಲೆ ಪ್ಯಾಲೆಸ್ ಎಂಬ ಗೌರವ ಶುರುಮಾಡಿತು. ರೆಸ್ಟೋರೆಂಟ್‌ಗಳಿಗೆ ಸ್ಟಾರ್ ಕೊಡುವ ಮಿಷೆಲಿನ್ ಗೈಡ್ 2024ರಿಂದ ಹೋಟೆಲ್‌ಗಳಿಗೆ ಒಂದು, ಎರಡು, ಮೂರು ಕೀ ಎಂಬ ಗುರುತು ಕೊಡುತ್ತಿದೆ.

ಹೊಸ ಹೋಟೆಲ್‌ನ ವಿಷಯದಲ್ಲಿ ಸ್ಟಾರ್ ನೋಡಿ ಮೋಸ ಹೋಗಬೇಡಿ. ಲಿಫ್ಟ್ ಇದೆಯೇ, ರಿಸೆಪ್ಷನ್‌ನಲ್ಲಿ ಇಡೀ ದಿನ ಜನ ಇರುತ್ತಾರೆಯೇ, ರೂಮಿನಲ್ಲಿ ಏನೇನಿದೆ, ಸ್ಟಾರ್ ಹೆಚ್ಚಾಗಿ ಇದನ್ನೇ ಅಳೆಯುತ್ತದೆ. ರಾತ್ರಿ ಎರಡು ಗಂಟೆಗೆ ನೀವು ಫೋನ್ ಮಾಡಿದಾಗ ಎತ್ತುವವರ ದನಿ ಹೇಗಿರುತ್ತದೆ ಅಂತ ಅದು ಹೇಳುವುದಿಲ್ಲ.

ಪ್ರ: ನನ್ನ ಹೆಂಡತಿ ಗಾಲಿಕುರ್ಚಿ ಬಳಸುತ್ತಾಳೆ. ಹಳೆಯ ಹೋಟೆಲ್‌ಗಳಲ್ಲಿ ತುಂಬಾ ಕಷ್ಟಪಟ್ಟಿದ್ದೇವೆ. ಹೊಸ ಹೋಟೆಲ್ ಅಂದರೆ ನಂಬಿ ಹೋಗಬಹುದೇ?
— ನಿವೃತ್ತ ಇಂಜಿನಿಯರ್

ಉ: ಹೊಸದಾಗಿ ಕಟ್ಟಿದ್ದಾದರೆ ಹೆಚ್ಚು ಭರವಸೆ ಇಡಬಹುದು. ಅನೇಕ ದೇಶಗಳಲ್ಲಿ ಹೊಸ ಕಟ್ಟಡಗಳಿಗೆ ಈ ಬಗ್ಗೆ ಕಾನೂನಿದೆ. ಅಮೆರಿಕದಲ್ಲಿ 1990ರ ಎಡಿಎ ಎಂಬ ಅಂಗವಿಕಲರ ಹಕ್ಕುಗಳ ಕಾನೂನಿನ ನಿಯಮದಂತೆ ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಜಾಗ ಬಿಡಬೇಕು. ಕುರ್ಚಿ ಪೂರ್ತಿ ತಿರುಗಲು 60 ಇಂಚಿನ ವೃತ್ತದಷ್ಟು ಜಾಗ ಇರಬೇಕು. ಆದರೆ ನಾನು ಮೇಲೆ ಹೊಗಳಿದ ಹಳೆಯ ಕಟ್ಟಡಗಳ ವಿಷಯ ಬೇರೆ. ಅಲ್ಲಿ ಮೆಟ್ಟಿಲು, ಹೊಸ್ತಿಲು ಬದಲಿಸಲು ಅನುಮತಿಯೇ ಸಿಗದಿರಬಹುದು. ಅಂಥಲ್ಲಿ ಕೇಳದೆ ಹೋಗಬೇಡಿ.

ಗಾಲಿಕುರ್ಚಿಗೆ ಅನುಕೂಲ ಇದೆಯೇ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಅಳತೆ ಕೇಳಿ. ಬಾತ್‌ರೂಮ್ ಬಾಗಿಲಿನ ಅಗಲ ಎಷ್ಟು ಇಂಚು? ಶವರ್ ಜಾಗಕ್ಕೆ ಹೊಸ್ತಿಲು ಇದೆಯೇ, ಕುರ್ಚಿ ನೇರ ಒಳಗೆ ಹೋಗುತ್ತದೆಯೇ? ಮಂಚದ ಎತ್ತರ ಎಷ್ಟು, ಅದರ ಎರಡು ಬದಿಯಲ್ಲಿ ಎಷ್ಟು ಜಾಗ ಇದೆ? ಹೌಸ್‌ಕೀಪಿಂಗ್‌ನವರು ಟೇಪ್ ಹಿಡಿದು ಅಳೆದು ಫೋಟೊ ಸಮೇತ ಕಳಿಸುತ್ತಾರೆ. ನಾವು ಕಳಿಸುತ್ತಿದ್ದೆವು, ಸಂತೋಷದಿಂದ ಮಾಡುತ್ತಿದ್ದ ಕೆಲಸ ಅದು. ಬೆಂಕಿ ಅನಾಹುತವಾಗಿ ಲಿಫ್ಟ್ ನಿಂತರೆ ನಿಮ್ಮ ಹೆಂಡತಿಯನ್ನು ಹೇಗೆ ಕೆಳಗೆ ಕರೆತರುತ್ತಾರೆ ಅಂತಲೂ ಕೇಳಿ. ಹೊಸ ಹೋಟೆಲ್‌ನ ಕೆಲಸಗಾರರಿಗೆ ಆ ಅಭ್ಯಾಸ ಇನ್ನೂ ಆಗಿರದಿರಬಹುದು. ಕೆಳಗಿನ ಮಹಡಿಯ ರೂಮ್ ತೆಗೆದುಕೊಳ್ಳುವುದು ಕ್ಷೇಮ.

ಪ್ರ: ಪ್ರತಿ ವರ್ಷ ಹೊಸದಾಗಿ ಕಟ್ಟುವ ಹೋಟೆಲ್ ಇದೆಯಂತೆ, ಹೌದೇ?
— ಚಿತ್ರಕಲಾವಿದ

ಉ: ಹೌದು, ಸ್ವೀಡನ್‌ನ ಯುಕ್ಕಸ್‌ಯಾರ್ವಿ ಹಳ್ಳಿಯ ಐಸ್‌ಹೋಟೆಲ್. ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರ್ ಉತ್ತರದಲ್ಲಿದೆ. ಟೋರ್ನೆ ನದಿಯ ಮಂಜುಗಡ್ಡೆ ಕತ್ತರಿಸಿ ಚಳಿಗಾಲದಲ್ಲಿ ಕಟ್ಟುತ್ತಾರೆ, ಡಿಸೆಂಬರ್‌ನಲ್ಲಿ ತೆರೆಯುತ್ತಾರೆ, ವಸಂತದಲ್ಲಿ ಅದು ಕರಗಿ ಮತ್ತೆ ನದಿಗೆ ಸೇರುತ್ತದೆ. ಪ್ರತಿ ವರ್ಷ ಬೇರೆ ಬೇರೆ ಕಲಾವಿದರು ತಮ್ಮ ಯೋಚನೆಗಳನ್ನು ಕಳಿಸುತ್ತಾರೆ, ಆಯ್ಕೆಯಾದವರು ಹೋಗಿ ರೂಮ್ ಕೆತ್ತುತ್ತಾರೆ. ಒಳಗೆ ಸೊನ್ನೆಗಿಂತ ಸುಮಾರು ಐದು ಡಿಗ್ರಿ ಕೆಳಗೆ ಇರುತ್ತದೆ. 2016ರಿಂದ ವರ್ಷವಿಡೀ ತೆರೆದಿರುವ ಒಂದು ಭಾಗವೂ ಇದೆ. ನೀವು ಕಲಾವಿದರು, ಅತಿಥಿಯಾಗಿ ಹೋಗುವ ಬದಲು ಕೆತ್ತಲು ಅರ್ಜಿ ಹಾಕಿ ಅಂತ ನನ್ನ ಸಲಹೆ.

ಪ್ರ: ಹೊಸ ಹೋಟೆಲ್‌ನಲ್ಲಿ ಏನಾದರೂ ಸರಿಯಿಲ್ಲದಿದ್ದರೆ ರಿವ್ಯೂನಲ್ಲಿ ಬರೆಯುವುದೇ, ಸುಮ್ಮನಿರುವುದೇ?
— ಖಾಸಗಿ ಕಂಪನಿ ಉದ್ಯೋಗಿ

ಉ: ಮೊದಲು ಅಲ್ಲೇ ಹೇಳಿ. ಹೊರಡುವ ದಿನದವರೆಗೆ ಕಾಯಬೇಡಿ, ಅದೇ ಸಂಜೆ ಡ್ಯೂಟಿ ಮ್ಯಾನೇಜರ್‌ಗೆ ಹೇಳಿ. ಹೊಸ ಹೋಟೆಲ್‌ನಲ್ಲಿ ಕಟ್ಟಿದವರು ಇನ್ನೂ ಅಲ್ಲೇ ಇರುತ್ತಾರೆ. ಸೋರುವ ನಲ್ಲಿ ಒಂದು ಗಂಟೆಯಲ್ಲಿ ಸರಿಯಾಗುತ್ತದೆ, ಇಲ್ಲವೇ ರೂಮ್ ಬದಲಾಗುತ್ತದೆ. ಹೇಳಿದ ಮೇಲೂ ಏನೂ ಆಗದಿದ್ದರೆ ಖಂಡಿತ ಬರೆಯಿರಿ. ಬರೆಯುವಾಗ ತೆರೆದ ಎಷ್ಟನೇ ವಾರ ಉಳಿದಿದ್ದಿರಿ ಅಂತ ಸೇರಿಸಿ, ಓದುವವರಿಗೆ ಅದು ಬೇಕು. ಚೆನ್ನಾಗಿ ನೋಡಿಕೊಂಡವರಿದ್ದರೆ ಅವರ ಹೆಸರು ಕೇಳಿಕೊಂಡು ಅದನ್ನೂ ಬರೆಯಿರಿ. ರೂಮ್ ಸ್ವಚ್ಛ ಮಾಡುವವರ ಹೆಸರು ರಿವ್ಯೂಗಳಲ್ಲಿ ಬರುವುದು ತುಂಬಾ ಕಡಿಮೆ. ಬಂದ ದಿನ ಅದನ್ನು ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ಓದುತ್ತಾರೆ.